ಕೆಂಪು ಕುದುರೆಯ ಹಾಲು

ಬನಿಯಾಸ್, ಅಬುಧಾಬಿ
೧೬ ಮಾರ್ಚ್ ೨೦೨೫

ಕ್ಲಾರೆನ್ಸ್,

ಹೆರುವುದು ಬೇರೆ ಸಾಕುವುದು ಬೇರೆ ಎಂದೋ, ಅದನ್ನೇ ತಿರುವಿಯೋ, ಏನೋ ಹೇಳಿದೆಯಲ್ಲ ಅವತ್ತು, ಕಾರಿನ ಡಿಕ್ಕಿ ಮುಚ್ಚುತ್ತ. ಸರಿಯಾದ ಶಬ್ದಗಳು ನೆನಪಿಲ್ಲ. ಡಿಕ್ಕಿ ಮುಚ್ಚಿದ ಸದ್ದು ಮಾತ್ರ ಉಳಿದಿದೆ.

ನೀನು ಕ್ಷೇಮವೆಂದು ತಿಳಿದಿದ್ದೇನೆ. ಇಲ್ಲವಾದರೆ ಯಾರಾದರೂ ಹೇಳುತ್ತಿದ್ದರು. ಬರೆಯುವುದು ತಡವಾಯಿತು. ಅದಕ್ಕೆ ಕ್ಷಮೆ ಕೇಳುವುದು ರೂಢಿ, ಕೇಳಿದ್ದೇನೆಂದು ಇಟ್ಟುಕೋ. ನನ್ನ ನಂಬರನ್ನೂ ನಿನ್ನ ಅತ್ತಿಗೆ ಮಾರ್ಗರೆಟಳ ನಂಬರನ್ನೂ ನೀನು ಬ್ಲಾಕ್ ಮಾಡಿರುವುದರಿಂದ ಈ ಕಾಗದ. ನಿಮ್ಮ ರುವೈಸ್‌ಗೆ ತರಕಾರಿ ಒಯ್ಯುವ ಹಸನಬ್ಬ ತಲುಪಿಸುತ್ತಾನೆ. "ಎಂತ ಮಾರಾಯ್ರೆ, ಸ್ವಂತ ತಮ್ಮನಿಗೆ ಟೊಮೆಟೊ ಪೆಟ್ಟಿಗೆಯಲ್ಲಿ ಕಾಗದವಾ?" ಎಂದು ನಕ್ಕ. "ಅಣ್ಣ ಹೇಗುಂಟು ಅಂತ ಕೇಳಿದ್ರೆ ಖುಷಿಯಲ್ಲಿ ಉಂಟು ಹೇಳ್ಬೇಕಾ? ಉಪವಾಸದಲ್ಲಿ ನನ್ನಿಂದ ಸುಳ್ಳು ಹೇಳಿಸ್ಬೇಡಿ."

ನೀನು ಕೇಳುವುದೇ ಇಲ್ಲ ಎಂದು ಅವನಿಗೆ ಹೇಳಿದೆ.

ನಮ್ಮ ಲಾಯದಲ್ಲಿ ಒಂದು ಸಫೋಕ್ ಪಂಚ್ ಹೆಣ್ಣು ಕುದುರೆ ಇದೆ. ನನ್ನ ಕೆಲಸದ ಸುದ್ದಿ ನಿನಗೆ ಎಂದೂ ಬೇಕಿರಲಿಲ್ಲ. ನಿನ್ನ ಹೆಂಡತಿ ಡೆಬೊರಾಳಿಗೆ ನನ್ನನ್ನು "ಕುದುರೆಗೆ ಸೂಜಿ ಚುಚ್ಚುವವ" ಎಂದು ಪರಿಚಯಿಸಿದವನು ನೀನು. ಆದರೂ ಓದು. ಇಂಗ್ಲೆಂಡಿನ ಪೂರ್ವ ಕರಾವಳಿಯ ಅಂಟುಮಣ್ಣನ್ನು ಉಳಲಿಕ್ಕೆಂದು ಬೆಳೆಸಿದ ತಳಿ. ಎಲ್ಲವೂ ಕೆಂಪು, ಬೇರೆ ಬಣ್ಣವೇ ಇಲ್ಲ. ಪೀಪಾಯಿಯಂಥ ಮೈ, ಗಿಡ್ಡ ಕಾಲು. ಭಾರ ಎಳೆಯುವ ಬೇರೆ ಕೆಲವು ತಳಿಗಳಿಗೆ ಗೊರಸಿನ ಮೇಲೆ ಕೂದಲಿನ ಗೊಂಚಲಿರುತ್ತದೆ. ಇದರ ಕಾಲು ಬೋಳು, ಕೆಸರು ಹಿಡಿಯುವುದಿಲ್ಲ. ಇಂದು ಬದುಕಿರುವ ಪ್ರತಿಯೊಂದೂ ಇನ್ನೂರೈವತ್ತು ವರ್ಷ ಹಿಂದಿನ ಒಂದೇ ಗಂಡು ಕುದುರೆಯ ಸಂತಾನ. ಟ್ರ್ಯಾಕ್ಟರ್ ಬಂದ ಮೇಲೆ ರೈತರು ಇವನ್ನು ಕಸಾಯಿಗೆ ಕೊಟ್ಟರು. ಒಂದು ವರ್ಷ ಇಡೀ ದೇಶದಲ್ಲಿ ಹುಟ್ಟಿದ್ದು ಒಂಬತ್ತೇ ಮರಿ. ಮೀರಿದ ಭಾರ ಕಟ್ಟಿದರೆ ಬೇರೆ ಕುದುರೆ ನಿಂತುಬಿಡುತ್ತದೆ, ಇದು ಮೊಣಕಾಲೂರಿ ಎಳೆಯುತ್ತದಂತೆ. ನಾನು ನೋಡಿಲ್ಲ. ಮರಳಿನಲ್ಲಿ ಉಳುವುದೇನು? ಇದನ್ನು ತರಿಸಿದ್ದು ಹಾಲಿಗೆ. ಓಟದ ಕುದುರೆ ಹೆರಿಗೆಯಲ್ಲಿ ಸತ್ತರೆ ಅದರ ಮರಿಗೆ ಊಡಿಸಲು. ಹಾಲು ಹೆಚ್ಚು, ಸಿಟ್ಟು ಕಡಿಮೆ.

ಕಳೆದ ತಿಂಗಳು ಹಾಗೇ ಆಯಿತು. ಓಟದ ಕುದುರೆಯೊಂದು ಮರಿ ಹಾಕಿ ಸತ್ತಿತು. ಕೆಂಪು ಕುದುರೆಯೂ ಆಗಷ್ಟೇ ಈದಿತ್ತು.

"ಯಲ್ಲಾ ಕ್ಯಾಮಿಲಸ್, ಈ ಕೆಂಪು ಕುದುರೆಯ ಮರಿಯನ್ನು ಆಚೆ ಕೊಟ್ಟಿಗೆಯಲ್ಲಿ ಕಟ್ಟು" ಎಂದರು ಲಾಯದ ಡಾಕ್ಟರ್ ಜುಮಾನಾ.

"ಹಾಲು ಎರಡಕ್ಕೂ ಸಾಲದೇ?"

"ಸಾಲಬಹುದು. ಆದರೆ ರಿಸ್ಕ್ ಮಾಫಿ, ಲಾಯದ ಒಡೆಯ ಅರಬಾಬ್ ಒಪ್ಪುವುದಿಲ್ಲ."

"ಯಾವುದು ಅಪರೂಪ ಡಾಕ್ಟರ್, ಈ ಕೆಂಪು ಮರಿಯೋ ಆ ಓಟದ ಮರಿಯೋ?"

"ಅಪರೂಪ ಇದು. ಬೆಲೆ ಅದಕ್ಕೆ. ಖಲಾಸ್."

ತಾಯಿಯ ಮೂಗಿಗೆ ವಿಕ್ಸ್ ಬಳಿಯುತ್ತೇವೆ, ಬೇರೆ ಮರಿಯ ವಾಸನೆ ತಿಳಿಯದಿರಲಿ ಎಂದು. ಅದರ ಮರಿ ಮಲಗಿದ್ದ ಕಂಬಳಿಯಿಂದ ಅನಾಥ ಮರಿಯ ಮೈ ಉಜ್ಜುತ್ತೇವೆ. ಎರಡನ್ನೂ ಮಾಡಿದವನು ನಾನೇ. ಕೆಲವು ದಿನಗಳಾದ ಮೇಲೆ ವಿಕ್ಸ್ ಬಳಿಯುವುದನ್ನು ನಿಲ್ಲಿಸಿದೆವು. ಕೆಂಪು ಕುದುರೆ ಅನಾಥ ಮರಿಯನ್ನು ನೆತ್ತಿಯಿಂದ ಬಾಲದವರೆಗೆ ಮೂಸಿತು. ಕಿವಿ ಹಿಂದಕ್ಕೆ ಮಡಚಿತು. ಒದೆಯುತ್ತದೆಂದು ಹಗ್ಗ ಬಿಗಿಹಿಡಿದೆ. ಒದೆಯಲಿಲ್ಲ. ಗೊತ್ತಾಗಿಯೂ ಹಾಲು ಬಿಟ್ಟಿತು. ಅದರ ಸ್ವಂತ ಮರಿ ಆಚೆ ಬಕೆಟ್ಟಿನಿಂದ ಪುಡಿಹಾಲು ಕುಡಿದು ಕೂಗುತ್ತದೆ. ಇದು ತಲೆ ಎತ್ತುತ್ತದೆ, ಅಷ್ಟೇ.

ಇದನ್ನು ಮಾರ್ಗರೆಟಳಿಗೆ ಹೇಳಿಲ್ಲ. ಲಾಯದ ಸುದ್ದಿ ಕೇಳಿದಾಗಲೆಲ್ಲ ಸೆಕೆಯ ವಿಷಯ ಹೇಳುತ್ತೇನೆ.

ನಿನ್ನ ಮೊದಲ ಹೆಂಡತಿ ತೀರಿಕೊಂಡಾಗ ಹಸಿಗೂಸು ಸ್ವೀಡಲಳನ್ನು ನಮ್ಮ ಸೋಫಾದ ಮೇಲಿಟ್ಟು ಹೋದೆ. ಒಂಬತ್ತು ವರ್ಷ, ಯಾವಾಗಲಾದರೊಮ್ಮೆ, ಗೊಂಬೆ ಹಿಡಿದುಕೊಂಡು ಬರುತ್ತಿದ್ದೆ. ಈ ಜನವರಿಯಲ್ಲಿ ಹೊಸ ಹೆಂಡತಿಯನ್ನು ಕರೆದುಕೊಂಡು, ಮಗುವನ್ನು ಒಯ್ಯಲು ಬಂದೆ. ಡೆಬೊರಾ ಕೆಟ್ಟವಳೆಂದು ನಾನು ಹೇಳುವುದಿಲ್ಲ, ಹೇಳುವಷ್ಟು ಪರಿಚಯವಿಲ್ಲ. "ಇನ್ನು ಮಾರ್ಗರೆಟ್ ಆಂಟಿ ಅನ್ಬೇಕು ಪುಟ್ಟಿ. ಯಾರಿಗಾದ್ರೂ ಇಬ್ಬಿಬ್ರು ಮಮ್ಮಿ ಇರ್ತಾರಾ?" ಎಂದಳು. ಸ್ವೀಡಲ್ ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆ, "ಐ ಹ್ಯಾವ್" ಎಂದಳು. ನೀನು ನಕ್ಕೆ. ಮಾರ್ಗರೆಟ್ ಒಳಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಮೆಷಿನ್ನಿಗೆ ಹಾಕಿದಳು.

"ಅವಳು ಅಲ್ಲಿ ಸೆಟ್ ಆಗುವವರೆಗೆ ಫೋನ್ ಬೇಡ" ಎಂದೆ ನೀನು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಬ್ಲಾಕ್ ಮಾಡಿದೆ. ನಾನು ಬೇಡುತ್ತಿಲ್ಲ ಕ್ಲಾರೆನ್ಸ್. ನೀನು ತಂದೆ, ಅದರಲ್ಲಿ ತಕರಾರಿಲ್ಲ. ಈಸ್ಟರಿಗೆ ಎರಡು ದಿನ ಅವಳನ್ನು ಇಲ್ಲಿಗೆ ಕಳಿಸು. ಕಳಿಸದಿದ್ದರೆ ನಾನೇ ಬಂದು ನಿನ್ನ ಕಂಪನಿ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಲ್ಲುತ್ತೇನೆ. ಅಕ್ಕಪಕ್ಕದ ಇಂಜಿನಿಯರುಗಳು ಹೊರಗೆ ಬಂದು ನೋಡಲಿ. ಗದ್ದಲವೆಂದರೆ ನಿನಗೆ ಚಿಕ್ಕಂದಿನಿಂದ ಭಯ. ನನಗೆ ಈಗ ಇಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಾನು ಹಾರೈಸಲಾರೆ, ಆ ಕೆಲಸ ಅವನಿಗೇ ಬಿಟ್ಟಿದ್ದೇನೆ. ಮಗುವಿಗೆ ನಮ್ಮಿಬ್ಬರ ಆಶೀರ್ವಾದ, ನೀನು ತಲುಪಿಸುವುದಾದರೆ.

ನಿನ್ನ ಅಣ್ಣ,
ಕ್ಯಾಮಿಲಸ್

ಸಹಿ ಮಾಡಿದ ಮೇಲೆ: ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಕೂಸನ್ನು ಬಿಟ್ಟುಹೋದ ವಾರವೇ ಮಾರ್ಗರೆಟಳಿಗೆ ಮಕ್ಕಳಾಗಲು ಚಿಕಿತ್ಸೆ ಶುರುವಾಗಬೇಕಿತ್ತು. ವಯಸ್ಸು ನಲವತ್ತರ ಹತ್ತಿರ, ಮುಂದೂಡಿದರೆ ಮತ್ತೆ ಆಗಲಿಕ್ಕಿಲ್ಲ ಎಂದಿದ್ದರು ಡಾಕ್ಟರು. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, "ಕೈಯಲ್ಲಿ ಒಂದು ಉಂಟಲ್ಲ, ಮೊದಲು ಇದು ನಡೀಲಿ" ಎಂದಳು. ನಡೆಯಿತು. ಓಡಿತು. ನಾವು ಮತ್ತೆ ಆ ಮಾತು ಎತ್ತಲಿಲ್ಲ. ಈಗ ಬಾಲ್ಕನಿಯಲ್ಲಿ ನಿಂತು ಶಾಲೆ ಬಸ್ಸುಗಳನ್ನು ನೋಡುತ್ತಾಳೆ. "ಕ್ಲಾರೆನ್ಸ್ ಅವಳನ್ನು ಬರಲು ಬಿಡುವುದಿಲ್ಲ" ಎಂದು ನಾನು ಹೇಳಿದಾಗಲೆಲ್ಲ ಅವಳ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಾಣುತ್ತದೆ. ಅದೇಕೆಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ನೀನು ಬಿಡದಿರುವುದನ್ನು ತಾಳಿಕೊಳ್ಳಬಹುದು. ಇನ್ನೊಂದು ಕಾರಣವಿದ್ದರೆ ತಾಳಲಾಗದು, ಅದನ್ನು ನಿನ್ನ ಬಳಿ ಕೇಳಿ ಪ್ರಯೋಜನವೂ ಇಲ್ಲ. ಕನ್ನಡ ಓದಲು ಬಾರದವಳನ್ನೇ ಕೇಳುತ್ತೇನೆ: ಸ್ವೀಡಲ್, ಡ್ಯಾಡಿ ಹೋಗು ಅಂದರೂ, ನಿನಗೆ ಇಲ್ಲಿಗೆ ಬರುವ ಮನಸ್ಸು ಉಂಟಾ ಮಗಾ?