ಹದಿನಾರು ಕೋರಿನ ಡಬ್ಬ

ಜನವರಿ 9, ಸಂಜೆ

ಕಂಪ್ಯೂಟರ್ ಅಂಗಡಿಯ ಶೆಲ್ಫ್ ಒರೆಸಿದೆ. ಹಳೆಯ ತಲೆಮಾರಿನ ಹದಿನಾರು ಕೋರ್ ಪ್ರೊಸೆಸರ್ ಇನ್ನೂ ಒಂದು ಕೂತಿದೆ. ವಿಡಿಯೋ ಎಡಿಟ್ ಮಾಡುವವರಿಗೆ ಸರಿ, ಆಟಕ್ಕೆ ದಂಡ. ಯಜಮಾನ ಕೋ ಅವರದು ಮತ್ತೆ ಅದೇ ರಾಗ — "ಆ ಡಬ್ಬ ಹೋಗ್ದೆ ಹೊಸ ವರ್ಷಕ್ಕೆ ಊರಿಗೆ ಹೋಗೋ ಮಾತೇ ಇಲ್ಲ, ತಿಳ್ಕೊ." ತಿಂಗಳ ಕೊನೆಯ ಚಾಂದ್ರ ಹೊಸ ವರ್ಷಕ್ಕೆ ಇಡೀ ತೈಪೆ ಊರಿಗೆ ಹೊರಡುತ್ತದೆ, ನಾನು ಅಂಗಡಿ ಕಾಯಬೇಕು. ಅಮ್ಮನನ್ನು ನೋಡಿ ಎರಡು ವರ್ಷ.

ಜನವರಿ 12, ಮಧ್ಯಾಹ್ನ 3

ಪೆಂಗ್ ಅಕ್ಕ ಬಂದಿದ್ದಳು. ಹಿಂದಿನ ಗಲ್ಲಿಯ ತಿಂಡಿ ಅಂಗಡಿಯವಳು. ಒಂಬತ್ತು ವರ್ಷದಿಂದ ನನ್ನ ಬೆಳಗಿನ ಹೊಟ್ಟೆ ಅವಳ ಜವಾಬ್ದಾರಿ. ಆಟ ಆಡೋಕೆ ಕಂಪ್ಯೂಟರ್ ಬೇಕಂತೆ. ಮಗನಿಗಾ ಅಂದೆ.

"ಮಗನಿಗ್ಯಾಕೋ? ನಂಗೆ! ಐದು ಜನರ ಟೀಮು. ಉಳಿದ ನಾಲ್ವರೂ ಕಾಲೇಜು ಹುಡುಗೀರು. ನಂಗೆ ಐವತ್ತೆಂಟು ವರ್ಷ ಅಂತ ಗೊತ್ತಾಗ್ಬಾರ್ದು ಅಂತ ಮೈಕ್ ಕೆಟ್ಟಿದೆ ಅಂದಿದೀನಿ. ನೀನೆಲ್ಲಾದ್ರೂ ಬಾಯಿ ಬಿಟ್ಟೀಯ!"

ಫೆಬ್ರವರಿ 8ಕ್ಕೆ ಪಂದ್ಯ. ಹಳೆಯ ಯಂತ್ರ ಕೈಕೊಟ್ಟಿದೆ. ಉಳಿದದ್ದೆಲ್ಲ ಆರಿಸಿ ಆಯಿತು, ಪ್ರೊಸೆಸರ್ ಒಂದು ಬಾಕಿ. ಟೀಮಿನ ಹುಡುಗಿ ಹೇಳಿದ ಎಂಟು ಕೋರಿನದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಸರಿಯಾದ ಆಯ್ಕೆ. ಸುಮ್ಮನೆ ತೆಗೆದುಕೊಟ್ಟಿದ್ದರೆ ಸಾಕಿತ್ತು... ಕೋರ್ ಅಂದರೆ ಕೆಲಸದಾಳು; ಆಟಕ್ಕೆ ಬೇಕಾದದ್ದು ಓಡುವ ಎಂಟು ಜನ. ನನ್ನ ಡಬ್ಬದಲ್ಲಿರುವುದು ನಡೆಯುವ ಹದಿನಾರು ಜನ.

"ಎಂಟು ಒಲೆ ಒಳ್ಳೇದಾ, ಹದಿನಾರು ಒಲೆ ಒಳ್ಳೇದಾ, ಅಕ್ಕ?" ಅಂದೆ. ಬೆಲೆ ಎರಡಕ್ಕೂ ಒಂದೇ ಅಂದೆ.

"ನೀನು ಹೇಳಿದ್ಮೇಲೆ ಮುಗೀತು ಬಿಡು." ಚೀಟಿ ಹರಿದು ಹಾಕಿದಳು.

ರಜೆ ಮಂಜೂರು.

ಜನವರಿ 13

ಅವಳ ಮನೆಯಲ್ಲಿ ಜೋಡಿಸಿ ಬಂದೆ. ಯಂತ್ರ ತಂಟೆ ಮಾಡದಿರಲಿ ಅಂತ ಅದರ ತಲೆ ಮೇಲೆ ಹಸಿರು ತಿಂಡಿ ಪ್ಯಾಕೆಟ್ ಇಟ್ಟಳು. ನಮ್ಮ ಕೌಂಟರಿನ ಮೇಲೂ ಒಂದಿದೆ; ಇಡೀ ತೈಪೆಯ ನಂಬಿಕೆ ಅದು, ಯಾರಲ್ಲಿ ಇಲ್ಲ? ಪ್ಯಾಕೆಟ್ ಹಸಿರೇ ಇರಬೇಕು, ಹಳದಿಯದು ಆಗದು, ತಾರೀಖು ಮೀರಿರಬಾರದು. "ಸರಿಯಾಗಿ ನೋಡೋ, ಕನ್ನಡಕ ಅಂಗಡೀಲೇ ಬಿಟ್ಟು ಬಂದಿದೀನಿ" ಅಂತ ನನ್ನ ಕೈಲೇ ಎರಡು ಸಲ ತಾರೀಖು ಓದಿಸಿದಳು. ಓದಿದೆ. ಅವಳ ಮುಖ ನೋಡಲಾಗಲಿಲ್ಲ.

ಫೆಬ್ರವರಿ 4

ನಿನ್ನೆ ಊರಿಂದ ಬಂದೆ. ಅಮ್ಮ ಮಾಡಿದ ಮೀನು ಚೆನ್ನಾಗಿತ್ತು. ಹಾಗೆ ಬರೆಯಲೂ ನಾಚಿಕೆ.

ಬೆಳಿಗ್ಗೆ ತಿಂಡಿ ಕಟ್ಟುತ್ತಾ ಅಕ್ಕ ಪಿಸುಗುಟ್ಟಿದಳು — "ಝುವಾಂಗ್, ದೊಡ್ಡ ಹೊಡೆದಾಟ ಶುರುವಾದ್ರೆ ಪರದೆ ತಡವರಿಸುತ್ತೆ ಕಣೋ. ಆ ಪ್ಯಾಕೆಟ್ಟೇ ಸರಿಯಿಲ್ವೇನೋ. ಹೊಸದು ಮೂರು ಇಟ್ಟಿದೀನಿ."

ಆಗಲೇ ಹೇಳಬಹುದಿತ್ತು. ಪಂದ್ಯಕ್ಕೆ ಇನ್ನೂ ನಾಲ್ಕು ದಿನ ಇದೆ. "ಏನೋ ಅಪ್‌ಡೇಟ್ ಇರಬೇಕು, ಸರಿಹೋಗುತ್ತೆ" ಅಂದೆ. ಹೇಡಿ ನಾನು.

ಫೆಬ್ರವರಿ 10

ಸೋತರಂತೆ. ಅವಳನ್ನು ಟೀಮಿಂದ ಬಿಟ್ಟರಂತೆ.

"ಹುಡುಗೀರ ತಪ್ಪೇನಿಲ್ಲ ಬಿಡು. ನನ್ ಕೈ ನಿಧಾನ ಆಗಿದೆ. ಯಾರು ಎಲ್ಲಿದಾರೆ ಅಂತ ನೋಡೋದ್ರೊಳಗೆ ಸತ್ತಿರ್ತೀನಿ." ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು. ಒಂದೇ ಕೈಯಲ್ಲಿ ಎರಡು ಮೊಟ್ಟೆ ಒಡೆಯುವ ಬೆರಳು. ಚೂರು ಚಿಪ್ಪು ಬಾಣಲೆಗೆ ಬಿದ್ದದ್ದು ನಾನು ಕಂಡಿಲ್ಲ.

"ಕಂಪ್ಯೂಟರ್ ಮಾರಿಬಿಡ್ತೀನಿ. ಯಾರಾದ್ರೂ ಇದ್ರೆ ಹೇಳು."

ಅವಳನ್ನು ಮುದುಕಿ ಮಾಡಿದ್ದು ನಾನು. ಆರು ದಿನದ ರಜೆಗಾಗಿ.

ಫೆಬ್ರವರಿ 16, ಭಾನುವಾರ

ಎಂಟು ಕೋರಿನದನ್ನು ನಾನೇ ಕೊಂಡು ಅವಳ ಮನೆಗೆ ಹೋದೆ. ಮಾರೋ ಮುಂಚೆ ಒಂದು ಸಲ ನೋಡೋಣ ಅಂದೆ. ಬದಲಾಯಿಸಿದೆ.

ಆಡಿದಳು. ನಲವತ್ತು ಜನ ಒಟ್ಟಿಗೆ ಮೇಲೆ ಬಿದ್ದರು, ಪರದೆ ಒಮ್ಮೆಯೂ ತಡವರಿಸಲಿಲ್ಲ. "ನನ್ ಕೈ ಅಲ್ಲ! ನನ್ ಕೈ ಅಲ್ಲ ಕಣೋ ಅದು!" ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ಮೌಸ್ ಬಿಟ್ಟು ಎಂಟು ಕೋರಿನದರ ಖಾಲಿ ಡಬ್ಬ ಎತ್ತಿಕೊಂಡಳು. ತುಂಬಾ ಹೊತ್ತು ಓದಿದಳು.

"ಆವತ್ತು ಚೀಟೀಲಿ ಬರ್ಕೊಂಡು ಬಂದಿದ್ದೂ ಇದೇ ಅಲ್ವಾ?"

ಹೂಂ ಅಂದೆ.

"ನಿಂಗೆ ಆವತ್ತೇ ಗೊತ್ತಿತ್ತಾ?"

ಹೂಂ. ರಜೆಯ ವಿಷಯವನ್ನೂ ಹೇಳಿದೆ. ಬೈಯಲಿ ಅಂತ ಕಾದೆ. ಹೊಡೆದಿದ್ದರೂ ಆಗುತ್ತಿತ್ತು. ಅವಳು ಎದ್ದು ಹೋಗಿ ಬಾಗಿಲು ತೆರೆದು ನಿಂತಳು.

ಫೆಬ್ರವರಿ 18, ಬೆಳಿಗ್ಗೆ 8

ನಿನ್ನೆ ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋದೆ. ಇವತ್ತು ಧೈರ್ಯ ಮಾಡಿ ಸಾಲಲ್ಲಿ ನಿಂತೆ. ಮುಂದಿನವರಿಗೆಲ್ಲ ಎಂದಿನ ಹಾಗೆ ತಮಾಷೆ, ಬೈಗುಳ, ಸೋಯಾ ಹಾಲು. ನನ್ನ ಸರದಿ ಬಂತು. ಮುಖ ನೋಡಿದಳು.

"ಏನ್ ಕೊಡ್ಲಿ, ಸಾರ್?"

ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ, ತಾನೇ ಆರಿಸಿ ಕಟ್ಟಿಕೊಡುತ್ತಿದ್ದಳು. ಹಿಂದಿನವರು ಬೇಗ ಬೇಗ ಅನ್ನುತ್ತಿದ್ದರು. ನಾನು ದಿನಾ ಏನು ತಿನ್ನುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ.