ದಿಮ್ಮಿಯ ಆಚೆ, ಈಚೆ

ಮೇ 11, 2021. ಮಂಗಳವಾರ, ಸಂಜೆ

ಹಾಸನದಿಂದ ಬಂದಾಯಿತು. ಇವತ್ತು ಡಯಾಲಿಸಿಸ್ ಮೆಷಿನ್ ಮೇಲಿದ್ದಾಗಲೇ ಅತ್ತೆಗೆ ಬಿ.ಪಿ. ಇಳಿದುಬಿಟ್ಟಿತ್ತು. ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಯೇ ಬಂದರು. ಬಾಳ್ಳುಪೇಟೆ ಹತ್ತಿರ ಎದ್ದು, "ನಯನಾ, ಬ್ರೇಕ್ ಹಂಗ್ ಒತ್ತಬೇಡ ಕಣೇ, ಕರುಳು ಬಾಯಿಗ್ ಬತ್ತೈತೆ" ಎಂದರು. ಬೈಗುಳ ಶುರುವಾಯಿತೆಂದರೆ ಚೇತರಿಸಿಕೊಂಡರು ಎಂದರ್ಥ.

ಊರ ಬಾಯಲ್ಲಿ ರಸ್ತೆಗೆ ಅಡ್ಡ ಮರ. ಗಾಳಿಗೆ ಬಿದ್ದದ್ದು ಅಂದುಕೊಂಡೆ. ಅಲ್ಲ. ತೋಟದ ಸಿಲ್ವರ್ ಓಕ್ ಮರ ಕೊಯ್ದು ದಿಮ್ಮಿ ಉರುಳಿಸಿದ್ದಾರೆ. ಮೇಲೆ ಮುಳ್ಳಿನ ಕೊಂಬೆ. ಶಾಂತಮಲ್ಲಪ್ಪಣ್ಣ, ವೀರಯ್ಯ, ಇನ್ನೂ ನಾಲ್ಕೈದು ಜನ ಮುಖಕ್ಕೆ ಟವೆಲ್ ಕಟ್ಟಿಕೊಂಡು ನಿಂತಿದ್ದರು.

"ಇವತ್ತೊಂದಿನ ಬಿಡ್ತೀವಿ ಕಣಮ್ಮ," ವೀರಯ್ಯ ಹೇಳಿದರು. "ಇನ್ಮೇಲೆ ಆಚೆ ಹೋದೋರು ಆಚೆಗೇಯ. ಹದ್ನಾಕು ದಿನ ಕಳೆದು ಬರ್ಬೇಕು."

"ಶುಕ್ರವಾರ ಮತ್ತೆ ಹೋಗ್ಬೇಕಲ್ಲ?"

"ಊರೋರ ತೀರ್ಮಾನ."

ಊರೋರಲ್ಲಿ ನಾವಿಲ್ಲವೇ? ತೀರ್ಮಾನ ಆಗುವಾಗ ನಾವು ಮೆಷಿನ್ ಪಕ್ಕದಲ್ಲಿದ್ದೆವು. ಹಾರೆ ಹಾಕಿ ಒಂದು ತುದಿ ಸರಿಸಿದರು. ಒಳಗೆ ಬಂದೆವು. ಶಾಂತಮಲ್ಲಪ್ಪಣ್ಣ ಮುಳ್ಳಿನ ಕೊಂಬೆಯನ್ನು ಮತ್ತೆ ಎಳೆದು ಹಾಕಿದರು. ಹೋದ ವಾರ ಅವರ ತಮ್ಮ ಹಾಸನದಲ್ಲಿ ಕೊರೊನಾಕ್ಕೆ ಹೋದ. ಹೆಣ ಊರಿಗೆ ಬರಲಿಲ್ಲ. ಅಲ್ಲೇ ಯಾರೋ ಮಣ್ಣು ಮಾಡಿದರು.

ಮೇ 12

ಬೆಳಿಗ್ಗೆ ಅರುಣ್‌ಗೆ ಫೋನ್. ಮಂಗಳೂರಿನ ಬಂದರಲ್ಲಿ ಕ್ರೇನ್ ಕೆಲಸ, ಬಸ್ಸಿಲ್ಲ, ಅಲ್ಲೇ ಸಿಕ್ಕಿಕೊಂಡಿದ್ದಾರೆ. "ನಮ್ಮವ್ವನ ವಿಷ್ಯಕ್ಕೆ ಜಗಳ ಆಡ್ಬೇಡ ಕಣೇ. ಅಧ್ಯಕ್ಷರ ಹತ್ರ ಮಾತಾಡು" ಎಂದರು. ಪಂಚಾಯ್ತಿ ಅಧ್ಯಕ್ಷ ತೋಟಪ್ಪನವರಿಗೆ ಮಾಡಿದೆ.

"ಸರ್ಕಾರನೇ ಲಾಕ್‌ಡೌನ್ ಮಾಡೈತಲ್ಲಮ್ಮ."

"ಆಸ್ಪತ್ರೆಗೆ ಹೋಗಬೋದು ಅಂತ್ಲೂ ಅದೇ ಸರ್ಕಾರ ಹೇಳೈತೆ."

"ನೋಡಣ."

ನೋಡಣ ಅಂದರೆ ನೋಡುವುದಿಲ್ಲ ಎಂದು.

ಊರಿನ ವಾಟ್ಸಾಪ್ ಗ್ರೂಪ್‌ನಲ್ಲಿ ಬೆಳಿಗ್ಗೆಯಿಂದ ಇದೇ. 'ಒಬ್ಬರಿಗಾಗಿ ಊರೆಲ್ಲ ಸಾಯಬೇಕಾ?' — ಕೊನೆಯಲ್ಲಿ ಕೈಮುಗಿಯುವ ಚಿತ್ರ ಬೇರೆ. ಬರೆದವಳು ಹೆರಿಗೆಗೆ ಹೋದದ್ದು ಇದೇ ಓಮ್ನಿಯಲ್ಲಿ. ಹೆಸರು ಬರೆಯುವುದಿಲ್ಲ. ಇಲ್ಲಿಯೂ.

ಡೈರಿ ವ್ಯಾನನ್ನೂ ಬಿಟ್ಟಿಲ್ಲ. ಪಕ್ಕದ ಮನೆ ಭೂತಮ್ಮ ಕ್ಯಾನಿನ ಹಾಲನ್ನು ಕಾಫಿ ಗಿಡದ ಬುಡಕ್ಕೆ ಸುರಿದು, ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

ಮೇ 13. ಮಧ್ಯಾಹ್ನ

ದೇವಸ್ಥಾನದ ಮುಂದೆ ಸಭೆ. ನಾನೇ ಕೇಳಿದ್ದು — ನನ್ನ ಎದುರು ಹೇಳಿ ಅಂತ. ದೂರ ದೂರ ನಿಂತರು. ಹೆಂಗಸರು ಕಟ್ಟೆಯ ಕೆಳಗೆ.

ಭೂತಮ್ಮ ಹಾಲಿನ ಮಾತು ಎತ್ತಿದರು. "ಹಸಾ ಲಾಕ್‌ಡೌನ್ ಮಾಡ್ಕಂತಾವ? ಕರೀಲೇಬೇಕಲ್ಲ!" ನಗು. ನಂತರ ನಾನು. ವಾರಕ್ಕೆರಡು ಸಲ ಮೆಷಿನ್ ಆಗಲೇಬೇಕು, ತಪ್ಪಿದರೆ ಎದೆಗೆ ನೀರು ತುಂಬುತ್ತದೆ ಎಂದೆ.

"ತೆರೆದ ತಕ್ಷಣ ಎಲ್ರೂ ನುಗ್ತಾರೆ ಕಣಮ್ಮ," ವೀರಯ್ಯ. "ಬೆಳಗೋಡಿಗೆ, ಸಕಲೇಶಪುರಕ್ಕೆ, ಎಣ್ಣೆಗೆ. ನಿಮಗೊಬ್ರಿಗೆ ಬಿಟ್ಟು ಅವ್ರಿಗೆ ಏನಂತ ಹೇಳದು?"

ಸುಳ್ಳಲ್ಲ. ನುಗ್ಗುವವರು ಯಾರು ಯಾರು ಎಂದು ನನಗೂ ಗೊತ್ತು. ಆದರೂ.

ಆಗ ಶಾಂತಮಲ್ಲಪ್ಪಣ್ಣ ಎದ್ದರು. "ನನ್ನ ತಮ್ಮ ಗೊಬ್ಬರ ತರಕ್ಕೆ ಪ್ಯಾಟೆಗೋದ. ಅಷ್ಟೇಯ. ಮುಖ ನೋಡಕ್ಕೂ ಬಿಡಲಿಲ್ಲ ನಂಗೆ. ಇನ್ನೊಂದು ಮನೇಲಿ ಹಂಗಾಗದು ಬ್ಯಾಡ."

ಎಲ್ಲರೂ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆದರೆ ಬಾಯಿ ಕಟ್ಟಲಿಲ್ಲ. "ಇನ್ನೊಂದು ಮನೆ ಅಂದ್ರೆ ನಮ್ಮನೆನೂ ಸೇರಿತಲ್ಲ ಅಣ್ಣ? ನಮ್ಮತ್ತೆ ಇಲ್ಲೇ ಸತ್ರೆ ನಾನು ಮುಖ ನೋಡಬೋದು. ಅದಕ್ಕೆ ಖುಷಿ ಪಡ್ಲಾ?"

ಅವರು ಕೂತುಬಿಟ್ಟರು. ಯಾರೋ "ಹೆಂಗಸಿಗೆ ಎಷ್ಟು ಬಾಯಿ" ಎಂದರು. ತೀರ್ಮಾನ ಬದಲಾಗಲಿಲ್ಲ.

ಮನೆಗೆ ಬಂದಾಗ ಅತ್ತೆ: "ನನ್ ನೆಪದಲ್ಲಿ ಊರ್ ಒಡೀಬೇಡ. ಒಂದ್ ಸಲ ಬುಟ್ರೆ ಏನಾಗ್ಬುಡ್ತೈತೆ?"

"ಸಾಯ್ತೀರಿ."

"ಸುಮ್ನೆ ಕೇಳ್ದೆ ಕಣೇ!"

ಮೇ 14. ಶುಕ್ರವಾರ

ಹೋದೆವು. ಹೋಗುವಾಗ ಯಾರೂ ತಡೆಯಲಿಲ್ಲ, ಅವರೇ ದಿಮ್ಮಿ ಸರಿಸಿಕೊಟ್ಟರು. ಸೀಮೆಎಣ್ಣೆ ಸ್ಟೌ, ಅಕ್ಕಿ, ಚಾಪೆ, ಕಂಬಳಿ, ಟಾರ್ಪಾಲು ಎಲ್ಲ ತುಂಬಿಕೊಂಡೇ ಹೊರಟೆ. ಅತ್ತೆ ನೋಡಿದರು. ತಮ್ಮ ಎಲೆ ಅಡಿಕೆ ಚೀಲವನ್ನೂ ಇಟ್ಟುಕೊಂಡರು.

ಬಂದಾಗ ದಿಮ್ಮಿ ಸರಿಯಲಿಲ್ಲ. ಹಾರ್ನ್ ಹೊಡೆದೆ. ಯಾರೂ ಅಲ್ಲಾಡಲಿಲ್ಲ.

ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. ಮೇಲಿನ ಕೂಲಿ ಲೈನ್ ಮನೆಗಳಲ್ಲಿ ಒಂದು ಕೋಣೆ ಖಾಲಿ ಇದೆ, ಇರಬಹುದು ಎಂದು. ಒಳ್ಳೆಯ ಮನುಷ್ಯ. ಆದರೆ ಲೈನ್ ಇರುವುದು ಗುಡ್ಡದ ಆಚೆ. ಅಲ್ಲಿಗೆ ಹೋದರೆ ಎರಡೇ ದಿನದಲ್ಲಿ ನಮ್ಮನ್ನು ಮರೆತುಬಿಡುತ್ತಾರೆ. ಅತ್ತೆಯನ್ನೇ ಕೇಳಿದೆ, ಎಲ್ಲಿರೋಣ ಎಂದು.

ದಿಮ್ಮಿಯಿಂದ ಕೂಗಳತೆಯಲ್ಲಿ ಬಸ್ ತಂಗುದಾಣ. ಅತ್ತ ಕೈ ತೋರಿಸಿದರು. "ಅಲ್ಲೇ ಹಾಕು ಒಲೇನ. ನೋಡ್ಲಿ ನನ್ ಮಕ್ಳು."

ಈಗ ಅಲ್ಲೇ ಕೂತು ಬರೆಯುತ್ತಿದ್ದೇನೆ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆಗೆ ಓಮ್ನಿ ನಿಲ್ಲಿಸಿ ಟಾರ್ಪಾಲು ಎಳೆದಿದ್ದೇನೆ. ಅನ್ನ ಕುದಿಯುತ್ತಿದೆ. ಊರಿಗೆಲ್ಲ ಕಾಣುವ ಹಾಗೆ.

ಮೇ 16

ಚಂಡಮಾರುತದ ಮಳೆ. ಟಾರ್ಪಾಲು ಎರಡು ಸಲ ಹಾರಿತು. ಅತ್ತೆಯನ್ನು ಗಾಡಿಯೊಳಗೆ ಮಲಗಿಸಿದೆ. ಮೈ ಬಿಸಿ ಮುಟ್ಟಿ ಮುಟ್ಟಿ ನೋಡಿದೆ. ಜ್ವರ ಇಲ್ಲ. ಹಟಕ್ಕೆ ಅವರನ್ನು ಕೊಲ್ಲುತ್ತಿದ್ದೇನೆಯೇ ಎಂದೂ ಅನ್ನಿಸಿತು. ಬರೆದಿಡುತ್ತೇನೆ.

ಭೂತಮ್ಮ ಕೊಡೆ ಹಿಡಿದು ಬಂದು ದಿಮ್ಮಿಯ ಮೇಲೆ ಸೌದೆ ಇಟ್ಟು ಹೋದರು. ಕಾವಲಿನವರು "ಏಯ್ ಭೂತಮ್ಮ" ಎಂದರು. "ಮುಟ್ಟಿದ್ನೇನೋ? ಇಟ್ಟೆ, ಬಂದೆ!"

ಮೇ 18. ಮಂಗಳವಾರ

ಮೆಷಿನ್ ಆಯಿತು. ಇಬ್ಬರಿಗೂ ಟೆಸ್ಟ್ ಮಾಡಿಸಿದೆ.

ಮೇ 20

ನೆಗೆಟಿವ್. ಇಬ್ಬರದೂ. ಫೋನಿಗೆ ಬಂದದ್ದನ್ನು ವೀರಯ್ಯನವರಿಗೆ ದೂರದಿಂದಲೇ ಓದಿ ಹೇಳಿದೆ. "ಇವತ್ತು ಇಲ್ಲ ಅಂದ್ರೆ ನಾಳೆ ಇಲ್ಲ ಅಂತೇನಮ್ಮ? ನಾಳೆ ಮತ್ತೆ ಹೋಗ್ತೀಯಲ್ಲ." ಅದೂ ನಿಜವೇ. ನಿಜ ಹೇಳುತ್ತಲೇ ಬಾಗಿಲು ಹಾಕುವವರ ಜೊತೆ ಹೇಗೆ ವಾದಿಸುವುದು...

ಮೇ 24. ಸೋಮವಾರ, ಬೆಳಿಗ್ಗೆ

ಶಾಂತಮಲ್ಲಪ್ಪಣ್ಣ ಒಬ್ಬರೇ ದಿಮ್ಮಿಯ ಹತ್ತಿರ ಬಂದರು.

"ನಾಳೆ ಹಾಸನಕ್ಕೆ ಹೋಗ್ತೀಯಲ್ಲವ್ವ. ತಮ್ಮನ ಬ್ಯಾಗು ಆಸ್ಪತ್ರೇಲೇ ಐತಂತೆ. ಬಟ್ಟೆ, ಫೋನು. ಬಂದು ತಗಂಡೋಗಿ ಅಂತ ಹೇಳವ್ರೆ. ಒಸಿ ತಂದ್ಕೊಡು."

ಹ್ಞೂಂ ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ನೀವೇ ಬನ್ನಿ ಅಣ್ಣ. ಗಾಡೀಲಿ ಜಾಗ ಐತೆ."

"ಬಂದ್ರೆ ವಾಪಸ್..." ಅವರು ತಿರುಗಿ ಹೋದರು.

ಅತ್ತೆ ಬೈದರು. "ಸತ್ತೋನ ಬಟ್ಟೆ ಕಣೇ. ಕಲ್ಲೆದೆ ನಿಂದು."

ಇರಲಿ. ಮೆತ್ತಗಿದ್ದಾಗ ಯಾರು ಕೇಳಿದರು?

ಮೇ 25

ಬಂದರು! ಬೆಳಕು ಹರಿಯುವಾಗಲೇ. ಬಿಳಿ ಪಂಚೆ, ಹೊಸ ಮಾಸ್ಕ್. ತಾವೇ ಕೊಯ್ದ ಮರವನ್ನು ತಾವೇ ಹತ್ತಿ ದಾಟಿದರು. ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಪೂರ್ತಿ ಇಳಿಸಿಕೊಂಡರು. ಹಾಸನದವರೆಗೂ ಅತ್ತೆಗೆ ಒಂದೇ ಮಾತು — "ದೊಡ್ಡವ್ವ, ಗಾಳಿ ಜಾಸ್ತಿ ಆಯ್ತಾ?"

ವಾಪಸ್ ಬರುವಾಗ ಬ್ಯಾಗು ತೊಡೆಯ ಮೇಲೆ. ಆಲೂರು ದಾಟಿದ ಮೇಲೆ ತಮ್ಮನ ಫೋನ್ ತೆಗೆದರು. ಸತ್ತಿತ್ತು. ನನ್ನ ಚಾರ್ಜರ್ ಚುಚ್ಚಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಹೊತ್ತಿಕೊಂಡಿತು. ಪರದೆ ತುಂಬ ಮಿಸ್ಡ್ ಕಾಲ್. ಎಲ್ಲವೂ 'ಅಣ್ಣ', 'ಅಣ್ಣ', 'ಅಣ್ಣ'.

ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಅವರು ಇಳಿದು ಮೋರಿಯ ಮೇಲೆ ಕೂತು ಅತ್ತರು. ಅಷ್ಟು ದೊಡ್ಡ ಆಳು. ಅತ್ತೆ ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ಕಿಟಕಿಯಿಂದ ನೀರಿನ ಬಾಟಲಿ ಚಾಚಿದರು. "ಅಳು ಮಗ. ಅಳಕ್ಕೂ ಬಿಡಲಿಲ್ವಲ್ಲ ನಿಂಗೆ."

ಊರ ಬಾಯಲ್ಲಿ ವೀರಯ್ಯ ಹಾರೆ ತಂದು ಕಾಯುತ್ತಿದ್ದರು. "ನೀನ್ ಬಾ ಮಾರಾಯ. ನಿಂದು ಬೇರೆ ವಿಷ್ಯ."

"ಏನ್ ಬೇರೆ?" ಎಂದರು ಶಾಂತಮಲ್ಲಪ್ಪಣ್ಣ. ಬ್ಯಾಗು ಹಿಡಿದು ನೇರ ತಂಗುದಾಣಕ್ಕೆ ಬಂದು ಮೂಲೆಯಲ್ಲಿ ಟವೆಲ್ ಹಾಸಿದರು.

ಮೇ 27

ಮಧ್ಯಾಹ್ನ ಹೆಂಗಸರೆಲ್ಲ ಬಂದರು. ಭೂತಮ್ಮ ಮುಂದೆ. ಹಿಂದೆ ಹಾಲಿನ ಕ್ಯಾನುಗಳು, ಮೂರು ಹಾರೆ. ವೀರಯ್ಯ ಅಡ್ಡ ನಿಂತರು.

"ಊರಿನ ತೀರ್ಮಾನ ಕಣ್ರಮ್ಮ!"

"ತೀರ್ಮಾನ ಮಾಡ್ದೋನೇ ಆಚೆ ಕೂತವ್ನಲ್ಲೋ!"

ಹಾರೆ ಹಾಕಿದರು. ದಿಮ್ಮಿ ಮಿಸುಕಲಿಲ್ಲ. ನಾನು ಈಚೆಯಿಂದ ಎಳೆದೆ. ಆಗ ತಂಗುದಾಣದಿಂದ ದನಿ: "ಬುಡದ ಕಡೆ ಹಾಕ್ರಮ್ಮ. ತುದಿ ಕಡೆ ಏಳಲ್ಲ ಅದು." ಶಾಂತಮಲ್ಲಪ್ಪಣ್ಣ ಎದ್ದು ಬರಲಿಲ್ಲ. ಅಲ್ಲಿಂದಲೇ ಹೇಳಿದರು.

ಉರುಳಿತು. ಚರಂಡಿಗೆ ಬಿದ್ದ ಸದ್ದಿಗೆ ನಾಯಿಗಳೆಲ್ಲ ಬೊಗಳಿದವು.

ತೋಟಪ್ಪನವರು ಬೈಕಿನಲ್ಲಿ ಬಂದು, ತಾವೇ ಮಾಡಿದಂತೆ ಘೋಷಿಸಿದರು — ಆಸ್ಪತ್ರೆ, ಹಾಲು, ರೇಷನ್, ಇಷ್ಟಕ್ಕೆ ರಸ್ತೆ ತೆರೆದಿದೆ, ಮಾಸ್ಕ್ ಇಲ್ಲದೆ ಯಾರೂ ದಾಟುವಂತಿಲ್ಲ, ಕಟ್ಟೆ ಹರಟೆ ಬಂದ್. ನಾನು ಅದಕ್ಕೆ ಬೇಡ ಎಂದಿರಲಿಲ್ಲ. ಯಾವತ್ತೂ.

ಜೂನ್ 1

ಮನೆಯಿಂದಲೇ ಹಾಸನ, ಹಾಸನದಿಂದ ಮನೆಗೆ. ಇಷ್ಟೇ ಬೇಕಿತ್ತು.

ಶಾಂತಮಲ್ಲಪ್ಪಣ್ಣ ಇನ್ನೂ ತಂಗುದಾಣದಲ್ಲೇ. ಬನ್ನಿ ಎಂದರೆ, "ಹದ್ನಾಕು ದಿನ ಅಂತ ಬೇರೇರಿಗೆ ಹೇಳಿದ್ ಮಾತು ನನಗಿಲ್ವಾ?" ಅತ್ತೆ ತಮ್ಮ ಉಪ್ಪಿಲ್ಲದ ಸಾರನ್ನೇ ಅವರಿಗೂ ಕಳಿಸುತ್ತಿದ್ದಾರೆ. ಪಾಪ, ಉಣ್ಣುತ್ತಿದ್ದಾರೆ.

ಜೂನ್ 4. ಶುಕ್ರವಾರ, ಬೆಳಿಗ್ಗೆ

ನಿನ್ನೆ ಸಂಜೆ ವೀರಯ್ಯನವರನ್ನು ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದರು. ಪಾಸಿಟಿವ್. ಉಸಿರು ಕಷ್ಟವಂತೆ.

ಗ್ರೂಪ್ ತುಂಬ ನನ್ನ ಹೆಸರು. ತೆರೆದದ್ದಕ್ಕೇ ಬಂತು, ಓಮ್ನಿಯಲ್ಲೇ ಬಂತು. ನನ್ನಿಂದಲೇ ಬಂತೇ? ಗೊತ್ತಿಲ್ಲ. ಡೈರಿ ವ್ಯಾನಿಂದಲೋ, ತೋಟದ ಕಾಲುದಾರಿಯಲ್ಲಿ ಕದ್ದು ಓಡಾಡುವವರಿಂದಲೋ... ಗೊತ್ತಿಲ್ಲ ಎಂದೇ ಬರೆಯುತ್ತೇನೆ. ರಾತ್ರಿ ನಿದ್ದೆ ಬರಲಿಲ್ಲ ಎಂದೂ.

ಆದರೆ ಆ ಆಂಬುಲೆನ್ಸ್ ಬಂದದ್ದು ಯಾವ ರಸ್ತೆಯಲ್ಲಿ? ದಿಮ್ಮಿ ಇದ್ದಿದ್ದರೆ ವೀರಯ್ಯನವರನ್ನು ಹೊತ್ತು ದಾಟಿಸುತ್ತಿದ್ದರೇ? ಇದನ್ನೇ ಗ್ರೂಪ್‌ಗೆ ಹಾಕಿದೆ. ಎಲ್ಲರೂ ಓದಿದ್ದಾರೆ.

ಈಗ ಭೂತಮ್ಮ ಓಡಿ ಬಂದು ಹೇಳಿದರು — ಏಳೆಂಟು ಜನ ಹಗ್ಗ ತಂದಿದ್ದಾರೆ, ದಿಮ್ಮಿಯನ್ನು ಚರಂಡಿಯಿಂದ ಎತ್ತಲು. ಶಾಂತಮಲ್ಲಪ್ಪಣ್ಣ ಹೋಗಿ ಅದರ ಮೇಲೆ ಕೂತುಬಿಟ್ಟಿದ್ದಾರಂತೆ. "ನನ್ ಸಮೇತ ಎತ್ರೋ" ಎನ್ನುತ್ತಿದ್ದಾರಂತೆ.

ಅತ್ತೆ ಆಗಲೇ ಗಾಡಿಯಲ್ಲಿ. ಮುಂದಕ್ಕೆ ಬಗ್ಗಿ ಹಾರ್ನ್ ಒತ್ತುತ್ತಿದ್ದಾರೆ. ಬಿಡುತ್ತಲೇ ಇಲ್ಲ. ಬಂದೆ ಅತ್ತೆ, ಬಂದೆ. ಬೀಗದ ಕೈ ಎಲ್ಲಿಟ್ಟೆ... ಸಿಕ್ಕಿತು. ಇವತ್ತು ಮೆಷಿನ್ ದಿನ. ಯಾರು ಅಡ್ಡ ನಿಂತರೂ ನಾನು ಗಾಡಿಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ.