ಇಳಿಯದ ಒಬ್ಬರು

ಜನವರಿ 14, ಮಂಗಳವಾರ
ಮೈನಸ್ ಹತ್ತೊಂಬತ್ತು ಡಿಗ್ರಿ, ಈ ಪರದೇಶದ ಚಳಿಗಾಲ. ನಾನು ಓಡಿಸುವ ಬಸ್ಸಿನ ಹೀಟರ್ ಮತ್ತೆ ಕೈಕೊಟ್ಟಿತು. ಕೊನೆ ಸೀಟಿನ ಕೆಳಗಿನದು ಮಾತ್ರ ಸ್ವಲ್ಪ ಬೆಚ್ಚಗೆ. ಭೀಮಣ್ಣನವರು ಅಲ್ಲೇ ಕೂತರು. ಧಾರವಾಡದ ರಿಟೈರ್ಡ್ ಎಂಜಿನಿಯರು. ದಿನಾ ನನ್ನ ಕೊನೆ ಟ್ರಿಪ್ಪಿಗೆ ಯಂಗ್ ಸ್ಟ್ರೀಟಲ್ಲಿ ಹತ್ತಿ ದೇವಸ್ಥಾನದ ಸ್ಟಾಪಲ್ಲಿ ಇಳಿಯುವವರು.
"ಸಂಕ್ರಾಂತಿ ಅದವಾ ಹೇಮಾ, ತಗೋ." ಗುಡಿಗೆ ಒಯ್ಯುತ್ತಿದ್ದ ಕುಸುರೆಳ್ಳಿನ ಪೊಟ್ಟಣಗಳಲ್ಲಿ ಒಂದು. "ಡಾಕ್ಟರು ಹೊಸಾ ಗುಳಿಗಿ ಕೊಟ್ಟಾರ. ಕಣ್ಣ ಎಳಿತಾವ ನೋಡು."
ಯಾರ್ಡಿಗೆ ಬರುತ್ತಿದ್ದಂತೆ ಈಶಾಳ ಸ್ಕೂಲಿಂದ ಫೋನ್. ಮಗಳಿಗೆ ಜ್ವರ. ಎಂಜಿನ್ ಆಫ್ ಮಾಡಿದೆ, ಅಲಾರ್ಮ್ ಶುರು. ಯಾರೂ ಉಳಿದಿಲ್ಲವೆಂದು ಸೀಟು ಸೀಟು ನೋಡುತ್ತಾ ಹಿಂದಿನವರೆಗೆ ನಡೆದು ಬಟನ್ ಒತ್ತುವ ತನಕ ಅರಚುತ್ತದೆ, ಪೀಡೆ. ಬಸ್ ಪಾರ್ಕ್ ಮಾಡುವ ಜಯಪ್ರಕಾಶರಿಗೆ "ಸ್ವಲ್ಪ ಒತ್ತಿಬಿಡಿ" ಎಂದು ಓಡಿದೆ.

ಜನವರಿ 15
ಬೇರೆ ಬಸ್ಸು ಕೊಟ್ಟರು. ನನ್ನದರ ಬ್ಯಾಟರಿ ನಿನ್ನೆಯೇ ಬಿಚ್ಚಿಟ್ಟಿದ್ದಾರೆ; ಹೀಟರಿನ ಬಿಡಿಭಾಗಕ್ಕೆ ಕಾಯುತ್ತಾ ಯಾರ್ಡಿನ ಹಿಂದಿನ ಸಾಲಲ್ಲಿ ನಿಂತಿದೆ.
ಯಂಗ್ ಸ್ಟ್ರೀಟ್ ಸ್ಟಾಪಲ್ಲಿ ಭೀಮಣ್ಣನವರಿಲ್ಲ. ಅವರ ಹೆಂಡತಿ ಸುಮಿತ್ರಮ್ಮ.
"ನಿನ್ನಿ ಮನಿಗೇ ಬಂದಿಲ್ಲವಾ ಅವರು. ಗುಡಿ ಮುಂದ ಇಳದರೇನು? ನೀ ನೋಡೀಯೇನು?"
"ಹೂಂ ಅಮ್ಮಾ, ಇಳಿದ್ರು," ಎಂದೆ. ದಿನಾ ಇಳಿಯುತ್ತಾರಲ್ಲ. ಆಮೇಲೆ ಪೊಲೀಸರಿಗೂ ಅದನ್ನೇ ಹೇಳಿದೆ. ದೇವಸ್ಥಾನದ ಹಿಂದಿನ ಕಾಡಲ್ಲಿ ಹುಡುಕುತ್ತಿದ್ದಾರೆ.

ಜನವರಿ 16, ಮಧ್ಯಾಹ್ನ
ದೇವಸ್ಥಾನದ ಸ್ಟಾಪಿಗೆ ಮುಂಚೆ, ಇಳಿಯುವವರು ಒತ್ತುವ ಬೆಲ್ ಹೊಡೆಯಿತು. ನಿಲ್ಲಿಸಿ ಬಾಗಿಲು ತೆಗೆದೆ. ಯಾರೂ ಇಳಿಯಲಿಲ್ಲ. ಕನ್ನಡಿ ನೋಡಿದರೆ ಬಸ್ಸು ಖಾಲಿ.

ಜನವರಿ 20
ದಿನಾ ಅದೇ ಜಾಗದಲ್ಲಿ ಬೆಲ್. ಮೆಕ್ಯಾನಿಕ್ ವೈರು ಬದಲಿಸಿದ. ಆದರೂ ಹೊಡೆಯುತ್ತದೆ. ಬಾಗಿಲು ತೆಗೆಯದೆ ಹೋಗಲು ಧೈರ್ಯವಿಲ್ಲ.
ಬಸ್ಸುಗಳ ಓಡಾಟ ನೋಡಿಕೊಳ್ಳುವ ಡಿಸ್ಪ್ಯಾಚ್ ಆಫೀಸಿನ ನೀನಾ ನಕ್ಕಳು. "ಹೇಮಾ, ದಿನಾ ನಿನ್ನ ಕೊನೆ ಟ್ರಿಪ್ಪಲ್ಲಿ ಒಬ್ಬರು ಇಳಿಯೋದೇ ಇಲ್ಲ ಕಣೇ! ಬಾಗಿಲ ಸೆನ್ಸರ್ ಲೆಕ್ಕ ನೋಡು, ಹತ್ತಿದವರು ಹದಿನೆಂಟು, ಇಳಿದವರು ಹದಿನೇಳು." ನಗು ಬರಲಿಲ್ಲ.
ಮೆಟ್ಟಿಲಿಳಿಯುವಾಗ "ಬರ್ತೀನವಾ" ಅನ್ನುವುದು ಭೀಮಣ್ಣನವರ ರೂಢಿ. ಮಂಗಳವಾರ ಆ ಮಾತು ಕೇಳಿದ ನೆನಪು... ಇಲ್ಲ. ಎಷ್ಟು ಹುಡುಕಿದರೂ ಇಲ್ಲ.

ಜನವರಿ 21
ಜಯಪ್ರಕಾಶರನ್ನು ಕೇಳಿದೆ. ಅಂದು ಸೀಟು ನೋಡಿದಿರಾ?
"ನೀವು ನೋಡಿರ್ತೀರ ಅನ್ಕೊಂಡೆ ಮೇಡಂ. ನಾನು ಹಿಂದಿನ ಎಮರ್ಜೆನ್ಸಿ ಡೋರ್ ತೆಗ್ದು, ಹೊರಗಿಂದ್ಲೇ ಕೈ ಹಾಕಿ ಬಟನ್ ಒತ್ತಿ, ಒಳಗೆ ಇಣುಕದೇನೇ ಲಾಕ್ ಹಾಕ್ದೆ ಅಷ್ಟೇ." ಅವರ ಮುಖ ಬಿಳುಚಿಕೊಂಡಿತು. "ಯಾಕೆ?"
ನನ್ನ ಟ್ರಿಪ್ಪಿಗೆ ಹೊರಟುಬಿಟ್ಟೆ. ಹೇಳಿದರೆ ಕೆಲಸ ಹೋಗುತ್ತದೆ, ಲೈಸೆನ್ಸೂ. ಈಶಾಳಿಗೆ ನಾನೊಬ್ಬಳೇ.
ಸುಮಿತ್ರಮ್ಮ ಇವತ್ತೂ ಸ್ಟಾಪಲ್ಲಿ. ಉಣ್ಣೆಯ ಗ್ಲೌಸ್ ಕೊಟ್ಟರು. "ಅವತ್ತ ಮರತ ಹೋಗ್ಯಾರ. ನಿನ್ನ ಬಸ್ಸಿಗೇ ಹತ್ತತಾರ, ಕೊಡವಾ." ತೆಗೆದುಕೊಂಡೆ. ನನ್ನಂಥ ಪಾಪಿ ಇಲ್ಲ.

ಜನವರಿ 22, ಮಧ್ಯಾಹ್ನ 1.40
ನೀನಾಳ ಹತ್ತಿರ ಹದಿನಾಲ್ಕನೇ ತಾರೀಖಿನ ಲೆಕ್ಕ ತೆಗೆಸಿದೆ. ಹತ್ತಿದವರು ಇಪ್ಪತ್ತೆರಡು. ಇಳಿದವರು ಇಪ್ಪತ್ತೊಂದು.
ಎಲ್ಲಾ ಹೇಳಿಬಿಟ್ಟೆ. ಅವರು ಇಳಿದದ್ದನ್ನು ನಾನು ನೋಡಿಲ್ಲ, ಸೀಟೂ ನೋಡಿಲ್ಲ. ಅವಳು ಪೊಲೀಸಿಗೆ ಫೋನ್ ಎತ್ತಿಕೊಂಡಳು.

1.55
ಹಿಂದಿನ ಸಾಲು. ನನ್ನ ಬಸ್ಸಿನ ಎದುರು ನಿಂತಿದ್ದೇನೆ. ನೀನಾ ಕೀ ತರುತ್ತಿದ್ದಾಳೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಸುತ್ತ ಹಿಮ, ಹೆಜ್ಜೆ ಗುರುತು ನನ್ನದು ಮಾತ್ರ. ಕೊನೆ ಕಿಟಕಿಗೆ ಒಳಗಡೆಯಿಂದ ಉಸಿರಿನ ಮಂಜು ಕಟ್ಟಿದೆ. ಬಾಗಿಲ ಗಾಜಿನಾಚೆ, ಮೆಟ್ಟಿಲ ಮೇಲೆ, ಬಿಳಿ ಕುಸುರೆಳ್ಳು ಚೆಲ್ಲಿದೆ. ಎಚ್ಚರವಾಗಿ ಬಾಗಿಲವರೆಗೆ ಬಂದಿದ್ದರು ಭೀಮಣ್ಣನವರು.
ಬ್ಯಾಟರಿ ಬಿಚ್ಚಿಟ್ಟು ಎಂಟು ದಿನ. ಬಾಗಿಲು ತೆರೆಯದು, ಬೆಲ್ ಹೊಡೆಯದು.
ಒಳಗೆ ಬೆಲ್ ಹೊಡೆಯಿತು. ಒಂದೇ ಸಲ. ಆಮೇಲೆ, ಮೆಟ್ಟಿಲ ಹತ್ತಿರ, ಮೆಲ್ಲಗೆ, "ಬರ್ತೀ